ಲೆಕ್ಕಕ್ಕೆ ಸಿಗದ ನೆಂಟರು

ಪ್ರವಾಸಿಗರನ್ನು ಎಣಿಸಲೆಂದೇ ಯಾರೂ ದಾರಿಯಲ್ಲಿ ಕೂತಿರುವುದಿಲ್ಲ. ಅದಕ್ಕೆ ದುಡ್ಡು ಬೇಕು, ಜನ ಬೇಕು. ಬೇರೆ ಯಾವುದೋ ಕೆಲಸಕ್ಕೆ ಬರೆದಿಟ್ಟ ಲೆಕ್ಕವನ್ನೇ ತಂದು ಕೂಡಿಸಿದರೆ ಸಲೀಸು. ವಿದೇಶಿಯರ ಲೆಕ್ಕ ವಲಸೆ ಕೌಂಟರಿನಿಂದ, ಹಂಪಿಯ ವಿಠ್ಠಲ ದೇವಾಲಯದ್ದು ಪುರಾತತ್ತ್ವ ಇಲಾಖೆಯ ಟಿಕೆಟ್ಟಿನಿಂದ. ಅಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಕಲ್ಲಿನ ರಥದ ಚಕ್ರ ತಿರುಗುತ್ತದಾ ಎಂದು ಮೇಷ್ಟ್ರ ತಲೆ ತಿಂದ ಬಸ್ಸುಗಟ್ಟಲೆ ಮಕ್ಕಳು, ಟಿಕೆಟ್ಟಿನ ಪ್ರಕಾರ, ಹಂಪಿ ನೋಡಿಯೇ ಇಲ್ಲ!

2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟೂ ಇದೆ. ಹಾಸನದಿಂದ ಧರ್ಮಸ್ಥಳ ಎಂದು ಅಚ್ಚಾಗಿ ಬರುತ್ತದೆ. ಅತ್ತಿಗೆ ಹೋದದ್ದು ಮಂಜುನಾಥನ ದರ್ಶನಕ್ಕೋ, ಉಜಿರೆಯಲ್ಲಿರುವ ಮಗಳನ್ನು ನೋಡಲಿಕ್ಕೋ, ಅಣ್ಣನ ಮೇಲಿನ ಸಿಟ್ಟಿಗೋ, ಕಂಡಕ್ಟರನ ಯಂತ್ರಕ್ಕೇನು ಗೊತ್ತು?

ಲೆಕ್ಕಿಗರ ವ್ಯಾಖ್ಯೆ ಮಾತ್ರ ಬಲು ಉದಾರ. ದಿನನಿತ್ಯದ ವಠಾರ ಬಿಟ್ಟು ಹೊರಟು, ವರ್ಷ ತುಂಬುವುದರೊಳಗೆ ವಾಪಸಾಗಿ, ಹೋದಲ್ಲಿ ಸಂಬಳಕ್ಕೆ ಸೇರದಿದ್ದರೆ ಸಾಕು, ಅವನು ಪ್ರವಾಸಿ. ನೆಂಟರ ಮನೆಗೆ ಹೋದರೂ ಸರಿಯೇ. ಹಾಗೆ ನೋಡಿದರೆ ಮಾವಿನ ಹಣ್ಣಿನ ಕಾಲಕ್ಕೆ ನಮ್ಮನೆಗೆ ಬಂದು ದೀಪಾವಳಿ ಮುಗಿಸಿ ಎದ್ದ ಚಿಕ್ಕಜ್ಜನೂ ಪ್ರವಾಸಿಯೇ. ಆದರೆ ಅವನ ದಾಖಲೆ ಇದ್ದದ್ದು ಅಮ್ಮನ ಹಾಲಿನ ಲೆಕ್ಕದಲ್ಲಿ. ದಿನಕ್ಕೆ ಅರ್ಧ ಲೀಟರ್ ಹೆಚ್ಚು. ಇಂಥವರನ್ನು ಹಿಡಿಯಲೆಂದು 2014-15ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಗಳಿಗೇ ಹೋಗಿ ಕೇಳಿದರು. ನಮ್ಮ ಬಾಗಿಲಿಗೆ ಬರಲಿಲ್ಲ. ಬಂದಿದ್ದರೆ ಅಮ್ಮ ಒಳ್ಳೆಯ ಅಂಕಿಅಂಶ ಕೊಡುತ್ತಿದ್ದಳು.

ಅಪ್ಪನಿಗೂ ನೆಂಟರಿಲ್ಲದ ಊರು ಊರೇ ಅಲ್ಲ. ಮೈಸೂರು, ಶೃಂಗೇರಿ, ಗೋಕರ್ಣ ಎಲ್ಲವನ್ನೂ ಯಾರದೋ ಜಗುಲಿಯಲ್ಲಿ ಮಲಗೆದ್ದು ನೋಡಿದರು. ಆ ಜಗುಲಿಗಳೂ ಈಗಿಲ್ಲ, ಅಪ್ಪನೂ ಇಲ್ಲ. ಲಾಡ್ಜಿನಲ್ಲಿ ಉಳಿದದ್ದು ಒಂದೇ ಸಲ, ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸು ಸಕಲೇಶಪುರದಲ್ಲೇ ನಿಂತಾಗ. ರಿಜಿಸ್ಟರಿನ 'ಬಂದ ಕಾರಣ' ಕಾಲಮ್ಮಿನಲ್ಲಿ, ಮೇಲಿಂದ ಕೆಳಗಿನವರೆಗೂ ಎಲ್ಲರೂ 'ಸ್ವಂತ ಕೆಲಸ' ಎಂದೇ ಬರೆದಿದ್ದ ಆ ಪುಟದಲ್ಲಿ, ಅಪ್ಪ ದುಂಡಗೆ 'ಮಳೆ' ಎಂದು ಬರೆದರು.

"ಇದು ನಡೆಯಲ್ಲ ಯಜಮಾನ್ರೇ, ಪೊಲೀಸ್ನೋರು ನಂಗೆ ಬಯ್ತಾರೆ" ಎಂದು ಕೌಂಟರಿನ ಹುಡುಗ ಅದನ್ನು ಹೊಡೆದು ತಿದ್ದಿದ.

"ಈ ಊರಲ್ಲಿ ನಂದೇನಪ್ಪ ಸ್ವಂತ ಕೆಲಸ?" ಎಂದು ಅಪ್ಪ ಊಟ ಮುಗಿಯುವ ತನಕ ಗೊಣಗುತ್ತಲೇ ಇದ್ದರು.