ಹಳದಿ ಕೊರಳಿನ ಗುಬ್ಬಿ

ಮಕ್ಕಳ ಕುತೂಹಲವನ್ನು ಹುಡುಗಾಟವೆಂದು ತಳ್ಳಿಹಾಕುವುದು ಹಿರಿಯರಲ್ಲಿ ಸಾಮಾನ್ಯ. ಸಾಲಿಂ ಅಲಿಯ ಬಾಲ್ಯದಲ್ಲಿ ಹಾಗಾಗಲಿಲ್ಲ. 1896ರಲ್ಲಿ ಜನಿಸಿದ ಆತನು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಮುಂಬಯಿಯಲ್ಲಿ ಸೋದರಮಾವನ ಆಶ್ರಯದಲ್ಲಿ ಬೆಳೆದನು. ಒಮ್ಮೆ ತನ್ನ ಆಟದ ಗಾಳಿಬಂದೂಕಿನಿಂದ ಗುಬ್ಬಿಯೊಂದನ್ನು ಹೊಡೆದುರುಳಿಸಿದನು. ಅದರ ಕೊರಳಿನಲ್ಲಿ ಹಳದಿ ಮಚ್ಚೆಯಿತ್ತು. ಇದಾವ ಹಕ್ಕಿ? ಸ್ವತಃ ಬೇಟೆಗಾರರಾಗಿದ್ದ ಮಾವ ಅಮೀರುದ್ದೀನ್ ತ್ಯಾಬ್ಜಿಯವರಿಗೂ ತಿಳಿಯಲಿಲ್ಲ. ಗದರಿಸಿ ಅಟ್ಟಬಹುದಾಗಿತ್ತು, ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿ ಮಿಲಾರ್ಡರಿಗೆ ಪರಿಚಯಪತ್ರವನ್ನು ಬರೆದುಕೊಟ್ಟರು.

ಸತ್ತ ಹಕ್ಕಿಯನ್ನು ಹಿಡಿದು ಹುಡುಗನು ಅಳುಕುತ್ತ ಹೋದನು. ಮಿಲಾರ್ಡರು ಹೆಸರನ್ನಷ್ಟೇ ಹೇಳಿ ಬಾಗಿಲು ತೋರಿಸಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಅದು ಹಳದಿ ಕೊರಳಿನ ಗುಬ್ಬಿಯೆಂದು ಗುರುತಿಸಿದ ಅವರು ಅಷ್ಟಕ್ಕೇ ಸುಮ್ಮನಾಗದೆ, ಕಪಾಟುಗಳನ್ನು ಒಂದಾದಮೇಲೊಂದರಂತೆ ತೆರೆದು, ಕಾಪಿಟ್ಟ ಹಕ್ಕಿಗಳನ್ನು ತೋರಿಸಿದರು, ಓದಲು ಪುಸ್ತಕಗಳನ್ನಿತ್ತರು, ಹಕ್ಕಿಯ ಚರ್ಮವನ್ನು ಸುಲಿದು ಕೆಡದಂತೆ ಇಡುವ ವಿದ್ಯೆಯನ್ನು ಕಲಿಸುವ ಏರ್ಪಾಡನ್ನೂ ಮಾಡಿದರು. ನೋಡಿದರೆ, ಆ ಹಿರಿಯರಿಬ್ಬರಿಗೆ ತಗುಲಿದ ವೆಚ್ಚ ಹೆಚ್ಚಿನದೇನಲ್ಲ: ಒಂದು ಪತ್ರ, ಒಂದಷ್ಟು ಹೊತ್ತು.

1939ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆಂದು ನಮ್ಮ ಕಾಡುಗಳಿಗೆ ಬಂದ ವಿದ್ವಾಂಸರು ಆ ಹುಡುಗನೇ. 1985ರಲ್ಲಿ ಪ್ರಕಟವಾದ ಅವರ ಆತ್ಮಕಥೆಯ ಹೆಸರು ‘ದಿ ಫಾಲ್ ಆಫ್ ಎ ಸ್ಪ್ಯಾರೋ’, ಎಂದರೆ ಗುಬ್ಬಿಯೊಂದರ ಪತನ.