ರೆಪ್ಪೆಯೊಳಗಿನ ಕೆಂಪು

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನನ್ನ ಹನ್ನೊಂದು ಆಡುಗಳ ಕಣ್ಣು ನೋಡಲು ಕೂರುತ್ತೇನೆ. ಕುರುಗೋಡಿನ ಬಂಡೆಗುಡ್ಡ ದಾಟಿ ಬಿಸಿಲು ದೊಡ್ಡಿಗೆ ಇಳಿದಿರಬೇಕು. ನೆರಳಿನಲ್ಲಿ ಬಣ್ಣ ತಿಳಿಯುವುದಿಲ್ಲ. ಆಡನ್ನು ಮೊಣಕಾಲುಗಳ ನಡುವೆ ಅವುಚಿಕೊಂಡು, ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆ ಒತ್ತಿ, ಇನ್ನೊಂದರಿಂದ ಕೆಳಗಿನದನ್ನು ಜಾರಿಸಿದರೆ ಒಳಪೊರೆ ಹೊರಳಿ ಕಾಣುತ್ತದೆ. ಕಲ್ಲಂಗಡಿ ಹೋಳಿನಂತಿದ್ದರೆ ನೆಮ್ಮದಿ. ಅಕ್ಕಿ ತೊಳೆದ ನೀರಿನಂತೆ ಬಿಳಿಚಿದ್ದರೆ ಹಿಮಾಂಕಸ್ ಜಂತುವಿನ ಅನುಮಾನವೇ ಮೊದಲು.

ಎರಡು ಮೂರು ಸೆಂಟಿಮೀಟರಿನ ನೂಲೆಳೆ ಅದು. ಹೊಟ್ಟೆಯ ನಾಲ್ಕನೇ ಕೋಣೆಗೆ ಕಚ್ಚಿಕೊಂಡು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಸಾವಿರ ಸೇರಿದರೆ 50 ಮಿಲಿಲೀಟರ್. 20 ಕಿಲೋ ತೂಗುವ ಆಡಿನ ಮೈಯಲ್ಲಿರುವುದೇ ಒಂದೂವರೆ ಲೀಟರಿನಷ್ಟು.

ಮೊದಲ ವರ್ಷ ಹನ್ನೊಂದಕ್ಕೂ ಕಣ್ಣಳತೆಯಲ್ಲೇ ಔಷಧ ಕುಡಿಸಿದ್ದೆ. ಅದು ತಪ್ಪು. ಎಲ್ಲಕ್ಕೂ ಕುಡಿಸಿದರೆ ಉಳಿಯುವುದು ಔಷಧಕ್ಕೆ ಜಗ್ಗದ ಜಂತು ಮಾತ್ರ. ಆಮೇಲೆ ಹುಲ್ಲಿಗಿಳಿಯುವುದು ಅದರ ಸಂತಾನವೇ. ಅಳತೆ ಕಡಿಮೆಯಾದರೂ ಹಾಗೆಯೇ. ಈಗ ತೂಗಿ, ಬಿಳಿಚಿದವಕ್ಕಷ್ಟೇ ಕೊಡುತ್ತೇನೆ. ಹಿಂಡಿನ ಹೆಚ್ಚಿನ ಜಂತುಗಳು ಕೆಲವೇ ಆಡುಗಳ ಹೊಟ್ಟೆಯಲ್ಲಿರುತ್ತವೆ. ಅವನ್ನು ಗುರುತಿಸಲೆಂದೇ ದಕ್ಷಿಣ ಆಫ್ರಿಕಾದವರು ಐದು ಬಣ್ಣಗಳ ಫಮಾಚಾ ಕಾರ್ಡು ಮಾಡಿದರು.

ನೆರೆಯ ಕುರಿಗಾಹಿ ಅಜ್ಜ ಆ ಕಾರ್ಡು ಕಂಡವರಲ್ಲ. "ಇಬ್ಬನಿ ಆರ್ಲಿ ತಮ್ಮಾ, ಆಮ್ಯಾಲೆ ಬಿಡು" ಎನ್ನುತ್ತಾರೆ. ಎಂಥ ಮಾತು! ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ತೇವಕ್ಕೆ ಒಡೆದು, ವಾರದೊಳಗೆ ಬಲಿತ ಮರಿಹುಳು ಇಬ್ಬನಿಯ ಪಸೆ ಹಿಡಿದೇ ಹುಲ್ಲು ಹತ್ತುತ್ತದೆ. ಹೆಚ್ಚಿನವು ಹತ್ತುವುದೂ ನಾಲ್ಕು ಬೆರಳೆತ್ತರವಷ್ಟೇ. ಹಾಗಾಗಿ ನಮ್ಮವು ಗುಡ್ಡದ ಬನ್ನಿ, ಬಾರೆ, ಜಾಲಿಗೆ ಕತ್ತೆತ್ತಿ ಮೇಯುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಸಿರುಗುಪ್ಪದ ಅಕ್ಕನ ಮನೆಯ ಆಡುಗಳ ಕಥೆ ಬೇರೆ. ಅಲ್ಲಿ ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆ, ನಿಂತ ನೀರಲ್ಲಿ ಬಸವನಹುಳು. ಅದರ ಮೈಯಲ್ಲಿ ಬೆಳೆದು ಬರುವ ಲಿವರ್ ಹುಳ. ಅದಕ್ಕೂ ರೆಪ್ಪೆ ಬಿಳಿಚುತ್ತದೆ, ಗದ್ದದ ಕೆಳಗೆ ನೀರು ತುಂಬುತ್ತದೆ. ಯಾವುದೆಂದು ತಿಳಿಯಲು ಬಿಸಿ ಹಿಕ್ಕೆಯನ್ನೇ ಕವರಿನಲ್ಲಿ ಕಟ್ಟಿಕೊಂಡು ಬಳ್ಳಾರಿಯ ಪಶು ಆಸ್ಪತ್ರೆಗೆ ಹೋದೆವು. ಗಟ್ಟಿ ಉಪ್ಪುನೀರಿನಲ್ಲಿ ಹಿಮಾಂಕಸ್ ಮೊಟ್ಟೆ ತೇಲುತ್ತದೆ. ಲಿವರ್ ಹುಳದ್ದು ಭಾರ, ತಳ ಹಿಡಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ತೇಲುವ ಮೊಟ್ಟೆ ಕಂಡದ್ದು ಅವತ್ತೇ: ತೆಳು ಚಿಪ್ಪು, ಒಳಗೆ ದ್ರಾಕ್ಷಿ ಗೊಂಚಲಿನಂಥ ಕಣಗಳು. ಅಕ್ಕ ಬಗ್ಗಿ ನೋಡಿ, "ಇಷ್ಟು ಚೆಂದ ಐತಲ್ಲೋ!" ಎಂದಳು. ನಿಜಕ್ಕೂ ಚೆಂದವಿತ್ತು.

ಈ ಸಲ ಚುಕ್ಕಿಯೊಂದೇ ಬಿಳಿಚಿತ್ತು. ಎರಡು ಮರಿಗೆ ಹಾಲೂಡುವ ತಾಯಿ. ಅಂಥವಕ್ಕೇ ಜಂತು ಬೇಗ ಹಬ್ಬುವುದು. ಔಷಧ ಕೊಟ್ಟು ಹಿಂಡಿ ಹೆಚ್ಚಿಸಿದೆ. ಇವತ್ತು ರೆಪ್ಪೆ ಜಾರಿಸಿದರೆ ಬಿಳುಪಿನೊಳಗಿಂದ ನಸುಗೆಂಪು ಮೂಡಿದೆ. ಇನ್ನೊಮ್ಮೆ ನೋಡೋಣವೆಂದು ಕೈ ಚಾಚಿದೆ. ಅದು ಕೊಸರಿಕೊಂಡು, ಮರಿಗಳೆರಡನ್ನೂ ಹಿಂದಿಟ್ಟುಕೊಂಡು, ಬಂಡೆ ಹತ್ತಿತು.