ಮೇಲಿನ ಮನೆಯವರು

ಜರ್ಮನಿಯ ನ್ಯೂರೆಂಬರ್ಗ್‌ಗೂ ಉಕ್ರೇನಿನ ಖಾರ್ಕಿವ್‌ಗೂ 1990ರಿಂದ ಸೋದರ ನಗರಗಳೆಂಬ ನಂಟು. ಕರ್ನಾಟಕದ ಹಲಗೂರಿನಲ್ಲಿ ಹುಟ್ಟಿ ಬೆಳೆದು, ಕೆಲಸಕ್ಕೆಂದು ನ್ಯೂರೆಂಬರ್ಗ್‌ಗೆ ಬಂದು ನೆಲೆಸಿದ ನನಗೆ ಆ ನಂಟಿನ ತೂಕ ತಿಳಿದದ್ದು 2022ರಲ್ಲಿ. ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ನಮ್ಮ ಮೇಲಿನ ಮನೆಗೆ ಖಾರ್ಕಿವ್‌ನ ಸಾಲ್ತಿವ್ಕಾ ಬಡಾವಣೆಯಿಂದ ಒಬ್ಬ ತಾಯಿ, ಆಕೆಯ ಅತ್ತೆ, ಶಾಲೆಗೆ ಹೋಗುವ ಮಗ ಬಂದರು. 18ರಿಂದ 60 ವರ್ಷದೊಳಗಿನ ಗಂಡಸರು ದೇಶ ಬಿಡುವಂತಿರಲಿಲ್ಲ. ಹುಡುಗನ ಅಪ್ಪ ಅಲ್ಲೇ ಉಳಿದಿದ್ದ.

ಬಟ್ಟೆ, ಹೊದಿಕೆ, ಪಾತ್ರೆಪಡಗ ಬೇಕಾದಷ್ಟು ಬಂದವು. ಬರದೆ ಇದ್ದವರು ಕಾಗದ ಓದಿ ಹೇಳುವವರು. ಐರೋಪ್ಯ ಒಕ್ಕೂಟ ಆ ಮಾರ್ಚ್ 4ರಂದೇ ಉಕ್ರೇನಿನವರಿಗೆ ತಾತ್ಕಾಲಿಕ ರಕ್ಷಣೆ ಕೊಟ್ಟಿತ್ತು. ಇರಲು, ದುಡಿಯಲು, ಮಕ್ಕಳನ್ನು ಓದಿಸಲು ಹಕ್ಕಿತ್ತು. ಆ ಹಕ್ಕು ಕೈಗೆ ಸಿಗಬೇಕಾದರೆ ವಿಳಾಸ ನೋಂದಣಿ, ಆರೋಗ್ಯ ವಿಮೆ, ಜಾಬ್‌ಸೆಂಟರ್, ಶಾಲೆ, ಹೀಗೆ ಒಂದೊಂದು ಕಡೆಯಿಂದಲೂ ಬರುವ ಜರ್ಮನ್ ಪತ್ರಗಳಿಗೆ ಉತ್ತರ ಬರೆಯಬೇಕಿತ್ತು.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲಕೋಟೆಗಳನ್ನು ಹರವಿಕೊಂಡು ಕೂರುತ್ತಿದ್ದೆವು. ಮೊದಲು ಕೊನೆಯ ತಾರೀಖು ಹುಡುಕಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವುದು. ಮೇಲ್ಭಾಗದ ಕಡತ ಸಂಖ್ಯೆಯನ್ನು ಉತ್ತರದಲ್ಲಿ ತಪ್ಪದೆ ಬರೆಯುವುದು. ಕಳಿಸುವ ಮುಂಚೆ ಒಂದು ಜೆರಾಕ್ಸ್ ಎತ್ತಿಡುವುದು. ನಾನೂ ಹೊಸಬಳಾಗಿ ಹೆಣಗಾಡಿಯೇ ಇವನ್ನು ಕಲಿತವಳು. ಹೀಗೆ ಕಷ್ಟಪಟ್ಟು ಕಲಿತದ್ದು ಇನ್ನೊಬ್ಬರ ಕಷ್ಟ ಕಳೆಯಲು ಒದಗಿತಲ್ಲ ಎಂಬ ಸಮಾಧಾನ ದೊಡ್ಡದು.

ನಾನು ಕರ್ನಾಟಕದವಳೆಂದು ತಿಳಿದಾಗ ಆ ತಾಯಿ ತಮ್ಮೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ ನಮ್ಮ ಮಕ್ಕಳ ಮಾತೆತ್ತಿದಳು. ನನಗೆ ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ನೆನಪಾದ. 2022ರ ಮಾರ್ಚ್ 1ರಂದು ಅದೇ ಖಾರ್ಕಿವ್‌ನಲ್ಲಿ, ದಿನಸಿ ತರಲು ಹೋದ 21 ವರ್ಷದ ಆ ಹುಡುಗ ದಾಳಿಗೆ ಬಲಿಯಾದ. ಹೆತ್ತವರು ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಪೋಲೆಂಡ್, ರೊಮೇನಿಯಾ, ಹಂಗೇರಿಯ ಗಡಿ ದಾಟಿದ ಸಾವಿರಾರು ವಿದ್ಯಾರ್ಥಿಗಳಿಗೆ ಊಟ, ಹೊದಿಕೆ ಕೊಟ್ಟವರಲ್ಲಿ ಹೆಸರೂ ಗೊತ್ತಿಲ್ಲದ ಜನ ಎಷ್ಟೋ. ಅವರ ಋಣ ನಮ್ಮ ಮೇಲಿದೆ.

ನೆಲೆ ತಪ್ಪಿದವರ ಜೊತೆ ಬಾಳುವುದು ನಮ್ಮ ಸೀಮೆಗೆ ಹೊಸದಲ್ಲ. 1960ರ ಸುಮಾರಿಗೆ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ಜಮೀನು ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರಿನ ಕಡೆ, ಕೊಳ್ಳೇಗಾಲದಾಚೆ ಒಡೆಯರಪಾಳ್ಯದಲ್ಲೂ ಅವರ ಊರುಗಳಾದವು. ಬೆಂಗಳೂರು–ಕೊಳ್ಳೇಗಾಲದ ಬಸ್ಸು ಹಲಗೂರಿನ ಮೇಲೇ ಹೋಗುತ್ತದೆ. ಪಟ್ಟೆಪಟ್ಟೆ ಮುಂಗವಚ ಕಟ್ಟಿದ ಟಿಬೆಟಿನ ಅಜ್ಜಿಯರನ್ನು ಚಿಕ್ಕಂದಿನಲ್ಲಿ ಆ ಬಸ್ಸಿನಲ್ಲಿ ಕಂಡಿದ್ದೇನೆ. ಮುಸುಕಿನ ಜೋಳ ಬೆಳೆದು, ಚಳಿಗಾಲಕ್ಕೆ ಪೇಟೆಗಳಲ್ಲಿ ಸ್ವೆಟರ್ ಮಾರಿ ಬದುಕಿದವರು ಅವರು. ಅನ್ನವನ್ನಷ್ಟೇ ಕೊಟ್ಟಿದ್ದರೆ ಹಾಗೆ ತಲೆಯೆತ್ತಿ ಬಾಳಲು ಆಗುತ್ತಿರಲಿಲ್ಲ. ನೆಲ ಸಿಕ್ಕಿದ್ದರಿಂದ ದುಡಿದರು, ದುಡಿದಿದ್ದರಿಂದ ನೆರೆಯವರಾದರು.

"ಯಾರ ಮನೆ ಪಾತ್ರೆನೂ ಬರಿದು ಕಳಿಸಬ್ಯಾಡ ಕಣವ್ವ" ಅನ್ನುತ್ತಾಳೆ ನಮ್ಮವ್ವ. ನಾನು ಚಿತ್ರಾನ್ನ ಕಳಿಸಿದ್ದ ಡಬ್ಬಿ ಬೀಟ್‌ರೂಟಿನ ಬೋರ್ಶ್ ತುಂಬಿಕೊಂಡು ವಾಪಸು ಬಂತು. ಆ ಅತ್ತೆ ನಿವೃತ್ತ ಗಣಿತದ ಮೇಡಂ ಎಂದು ಗೊತ್ತಾದದ್ದು ಆ ಹೊತ್ತಿಗೇ. ಭಿನ್ನರಾಶಿಗೆ ಭಾಷೆ ಅಷ್ಟಾಗಿ ಬೇಕಿಲ್ಲ. ನನ್ನ ಮಗಳು ಪುಸ್ತಕ ಹಿಡಿದು ಮೇಲಿನ ಮನೆಗೆ ಹೋಗತೊಡಗಿದಳು. ಅಲ್ಲಿಯವರೆಗೆ ಕಿಟಕಿ ಬಿಟ್ಟು ಏಳದಿದ್ದ ಹಿರಿಯ ಜೀವ ಪೆನ್ಸಿಲ್ ಚೂಪು ಮಾಡಿಟ್ಟುಕೊಂಡು ಅವಳ ದಾರಿ ಕಾಯುತ್ತಿದ್ದರು.

ನಿರಾಶ್ರಿತರು ಕಳೆದುಕೊಂಡದ್ದು ಮನೆಯನ್ನಷ್ಟೇ ಅಲ್ಲ, ಇನ್ನೊಬ್ಬರಿಗೆ ಬೇಕಾದವರಾಗಿ ಬದುಕುವ ಸುಖವನ್ನೂ. ಕೈಯೊಡ್ಡಿಸುತ್ತಲೇ ಇರುವ ನೆರವು ಅದನ್ನು ತಿರುಗಿ ಕೊಡಲಾರದು. ಅವರಿಗೆ ಏನು ಬೇಕೆಂದು ಕೇಳುವಾಗ, ಏನು ಬರುತ್ತದೆ ಎಂದೂ ಕೇಳಬೇಕು. ಹೊರದೇಶಗಳ ನಮ್ಮ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಕ್ಕೆ ಸೇರುವ ಹಾಗೆಯೇ ವಾರಕ್ಕೊಂದು ಸಂಜೆ ಹೊಸದಾಗಿ ಬಂದವರ ಕಾಗದಪತ್ರ ನೋಡಿಕೊಡಲು ಸೇರಲಿ. ಅವರ ಅಡುಗೆ, ಅವರ ಪಾಠ, ಅವರ ಹಾಡಿಗೂ ಅಲ್ಲಿ ಜಾಗವಿರಲಿ.